ಎಡಕ್ಕೊಂದು ಕುರ್ಚಿ, ಬಲಕ್ಕೊಂದು ಕುರ್ಚಿ: ಕ್ರೈಸ್ತರ ‘ದೀನತೆ’ಗೂ ನಾಯಕತ್ವಕ್ಕೂ ಏನು ನಂಟು?

ಕರ್ನಾಟಕದ ರಾಜಕೀಯವನ್ನು ವಿವರಿಸಲು ಒಂದೇ ಒಂದು ಪೀಠೋಪಕರಣ ಸಾಕು. ಕುರ್ಚಿ ಅಲುಗಾಡುತ್ತದೆ, ಕುರ್ಚಿಗೆ ಟವೆಲ್ ಬೀಳುತ್ತದೆ, ಕೂತವರ ಕಾಲು ಎಳೆಯುವ ಕೆಲಸ ನಡೆಯುತ್ತದೆ. ರೆಸಾರ್ಟ್ ಬಾಗಿಲಲ್ಲಿ ಬಸ್ಸು ನಿಂತರೆ ಮುಂದೇನು ಎಂಬುದು ಬೆಂಗಳೂರಿನ ಶಾಲೆ ಮಕ್ಕಳಿಗೂ ಗೊತ್ತು. 2019ರ ಜುಲೈ 23ರ ಸಂಜೆ ವಿಧಾನಸೌಧದಲ್ಲಿ ವಿಶ್ವಾಸಮತಕ್ಕೆ 99 ಮತ ಬಿದ್ದು, ವಿರುದ್ಧ 105 ಬಿದ್ದಾಗ ಆ ಮೈತ್ರಿ ಸರ್ಕಾರಕ್ಕೆ ಹದಿನಾಲ್ಕು ತಿಂಗಳು. ಐದು ವರ್ಷದ ಅವಧಿ ಪೂರ್ತಿ ಮುಗಿಸಿದ ಮುಖ್ಯಮಂತ್ರಿಗಳು ಯಾರು ಎಂದರೆ ಸಾಮಾನ್ಯವಾಗಿ ಬರುವುದು ಮೂರೇ ಹೆಸರು: ಎಸ್. ನಿಜಲಿಂಗಪ್ಪ, ಡಿ. ದೇವರಾಜ ಅರಸು, ಸಿದ್ದರಾಮಯ್ಯ.

ಇಂಥದೇ ಗದ್ದಲದ ಒಂದು ಭಾನುವಾರ ಶಿವಾಜಿನಗರದ ರಸೆಲ್ ಮಾರ್ಕೆಟ್ ಪಕ್ಕ ಚಹಾ ಕುಡಿಯುತ್ತಿದ್ದೆ. ಎದುರಿನ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಪೂಜೆ ಮುಗಿಸಿ ಬಂದ ಗೆಳೆಯ, ಅಂಗಡಿಯ ಟಿ.ವಿ. ನೋಡಿ ನಕ್ಕ. ‘ನಮ್ಮ ಯೇಸುಸ್ವಾಮಿ ಹತ್ರಾನೂ ಇಬ್ಬರು ಕುರ್ಚಿ ಕೇಳ್ಕೊಂಡು ಬಂದಿದ್ರು ಗುರೂ. ಇವತ್ತು ಫಾದರ್ ಅದನ್ನೇ ಓದಿದ್ರು.’

ನನಗೆ ಆ ಕಥೆ ಗೊತ್ತಿರಲಿಲ್ಲ. ಚರ್ಚಿನವರು ‘ದೀನತೆ’ ಎನ್ನುವುದನ್ನು ಕೇಳಿದ್ದೆ, ಅದು ಕೈಕಟ್ಟಿ ತಲೆತಗ್ಗಿಸಿ ನಿಲ್ಲುವ ಸೌಮ್ಯ ಗುಣ ಎಂದುಕೊಂಡಿದ್ದೆ. ಓದುತ್ತ ಹೋದ ಹಾಗೆ ಅದು ಸ್ವಭಾವಕ್ಕಿಂತ ಹೆಚ್ಚಾಗಿ ಅಧಿಕಾರದ ಲೆಕ್ಕ ಎಂದು ಕಂಡಿತು. ಬೈಬಲ್ ಹಿಡಿದೇ ನೋಡದವರಿಗೂ ಅರ್ಥವಾಗುವಂತೆ ಅದನ್ನು ಬಿಡಿಸಿ ಹೇಳುವ ಪ್ರಯತ್ನ ಇದು.

ಸರ್ಕಾರ ಬರುವ ಮುನ್ನವೇ ಖಾತೆ ಹಂಚಿಕೆ

ಕಥೆ ಇರುವುದು ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ. ಸುವಾರ್ತೆ, ಅಥವಾ ಶುಭಸಂದೇಶ, ಎಂದರೆ ಯೇಸುವಿನ ಬದುಕನ್ನು ಹೇಳುವ ಪುಸ್ತಕ. ಬೈಬಲಿನಲ್ಲಿ ಅಂಥವು ನಾಲ್ಕಿವೆ.

ಯೇಸು ಶಿಷ್ಯರೊಡನೆ ಯೆರೂಸಲೇಮಿಗೆ ಹೊರಟಿದ್ದಾನೆ. ದೇಶ ರೋಮನ್ನರ ಕೈಯಲ್ಲಿದೆ. ತಮ್ಮ ಗುರು ರಾಜಧಾನಿಗೆ ಹೋದರೆ ರಾಜನಾಗುತ್ತಾನೆ ಎಂಬ ಆಸೆ ಶಿಷ್ಯರಿಗೆ. ಆಗ ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರು ಹತ್ತಿರ ಬಂದು ಬೇಡಿಕೆ ಇಡುತ್ತಾರೆ: ನಿನ್ನ ಮಹಿಮೆಯ ಕಾಲ ಬಂದಾಗ ನಮ್ಮಲ್ಲಿ ಒಬ್ಬ ನಿನ್ನ ಬಲಗಡೆ, ಇನ್ನೊಬ್ಬ ಎಡಗಡೆ ಕೂರಬೇಕು. ಇವರು ಮೀನುಗಾರ ಜೆಬೆದಾಯನ ಮಕ್ಕಳು. ಇನ್ನೂ ಸರ್ಕಾರವೇ ಬಂದಿಲ್ಲ, ಆಗಲೇ ಗೃಹ, ಹಣಕಾಸು ಎರಡೂ ಒಂದೇ ಮನೆಗೆ! ಮತ್ತಾಯನು ಬರೆದ ಸುವಾರ್ತೆಯಲ್ಲಂತೂ ಮಕ್ಕಳ ಪರವಾಗಿ ಕೇಳಲು ಬರುವವಳು ಅವರ ತಾಯಿ. ಎರಡು ಸಾವಿರ ವರ್ಷ ಹಿಂದಿನ ಮಾತು ಅನ್ನಿಸುವುದೇ ಇಲ್ಲ.

ವಿಷಯ ತಿಳಿದು ಉಳಿದ ಹತ್ತು ಮಂದಿ ಸಿಟ್ಟಾಗುತ್ತಾರೆ. ಕೇಳಿದ್ದು ತಪ್ಪು ಎಂದೋ, ತಮಗಿಂತ ಮೊದಲು ಕೇಳಿಬಿಟ್ಟರಲ್ಲ ಎಂದೋ? ಪುಸ್ತಕ ಹೇಳುವುದಿಲ್ಲ. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ, ಏಕೆಂದರೆ ಯೇಸು ಎಲ್ಲರನ್ನೂ ಕೂರಿಸಿಕೊಂಡು ಒಂದೇ ಉತ್ತರ ಕೊಡುತ್ತಾನೆ. ಅದರ ತಿರುಳು ಹೀಗೆ: ಲೋಕದ ದೊರೆಗಳು ಜನರ ಮೇಲೆ ದರ್ಬಾರು ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು. ದೊಡ್ಡವನಾಗಬೇಕೆನ್ನುವವನು ನಿಮ್ಮ ಸೇವಕನಾಗಲಿ, ಮೊದಲಿಗನಾಗಬೇಕೆನ್ನುವವನು ಎಲ್ಲರ ಆಳಾಗಲಿ.

ಇದಾದ ಐದು ಅಧ್ಯಾಯದ ಬಳಿಕ ಯೇಸುವನ್ನು ಶಿಲುಬೆಗೆ ಏರಿಸುತ್ತಾರೆ. ಅವನ ಬಲಕ್ಕೊಬ್ಬ, ಎಡಕ್ಕೊಬ್ಬ ಕಳ್ಳರನ್ನೂ ಏರಿಸುತ್ತಾರೆ. ಅಣ್ಣತಮ್ಮಂದಿರು ಕೇಳಿದ್ದ ಜಾಗಗಳು ಅವೇ ಎಂದು ಮಾರ್ಕ ಬಾಯಿಬಿಟ್ಟು ಹೇಳುವುದಿಲ್ಲ. ಓದುಗನಿಗೇ ಹೊಳೆಯಲಿ ಎಂದು ಬಿಟ್ಟಂತಿದೆ.

ತಗ್ಗುವುದಕ್ಕೆ ಮೊದಲು ಎತ್ತರದಲ್ಲಿರಬೇಕು

‘ದೀನ’ ಎಂಬ ಮಾತು ಕನ್ನಡದಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ದೀನದಲಿತರು, ದೀನಸ್ವರ, ದೀನನಾಗಿ ಬೇಡಿದ. ಎಲ್ಲ ಕಡೆಯೂ ಕೈಲಾಗದವನ ಚಿತ್ರವೇ. ಕನ್ನಡ ಬೈಬಲಿನಲ್ಲಿ ಇದರ ಜೊತೆಗೇ ಬರುವ ಇನ್ನೊಂದು ಮಾತು ‘ತನ್ನನ್ನು ತಗ್ಗಿಸಿಕೊಳ್ಳುವುದು’. ಇದು ಹೆಚ್ಚು ಸರಿ. ಇಲ್ಲಿ ಯಾರೂ ಯಾರನ್ನೂ ತಗ್ಗಿಸುತ್ತಿಲ್ಲ. ಎತ್ತರದಲ್ಲಿದ್ದವನು ತಾನಾಗಿ ಇಳಿಯುತ್ತಿದ್ದಾನೆ.

ಲ್ಯಾಟಿನ್ ಭಾಷೆಯಲ್ಲಿ ಈ ಗುಣಕ್ಕೆ ‘ಹ್ಯುಮಿಲಿಟಾಸ್’ ಎನ್ನುತ್ತಾರೆ. ಅದರ ಬೇರು ‘ಹ್ಯೂಮಸ್’, ಅಂದರೆ ಮಣ್ಣು. ತಾರಸಿ ತೋಟಕ್ಕೆಂದು ಲಾಲ್‌ಬಾಗ್ ಹತ್ತಿರದ ನರ್ಸರಿಯಿಂದ ಗೊಬ್ಬರದ ಚೀಲ ತಂದವರು ಈ ಪದ ಓದಿರಬಹುದು. ಆದರೆ ಹಳೆಯ ರೋಮನ್ನರಿಗೂ ಗ್ರೀಕರಿಗೂ ತಗ್ಗಿ ನಡೆಯುವುದು ಹೊಗಳುವ ಗುಣವಾಗಿರಲಿಲ್ಲ. ಗ್ರೀಕಿನಲ್ಲಿ ಇದಕ್ಕಿದ್ದ ‘ತಪೇಯಿನೋಸ್’ ಎಂಬ ಪದಕ್ಕೆ ಕೀಳು, ಅಲ್ಪ ಎಂಬ ಧ್ವನಿಯಿತ್ತು. ಅಂಥವರ ನಡುವೆ ನಿಂತು ಇದನ್ನೇ ನಾಯಕನ ಲಕ್ಷಣ ಎಂದರೆ ಕೇಳಿದವರು ಹುಬ್ಬೇರಿಸಿರಲೇಬೇಕು.

ಈ ವಿಚಾರವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಕಾಲು ತೊಳೆದ ಪ್ರಸಂಗ. ನಮ್ಮಲ್ಲಿ ಕಾಲಿಗೆ ಸಂಬಂಧಿಸಿದ ಮರ್ಯಾದೆಯೆಲ್ಲ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ, ಟಿಕೆಟ್ ಆಕಾಂಕ್ಷಿ ನಾಯಕನ ಕಾಲಿಗೆ ಬೀಳುತ್ತಾನೆ. ಮದುವೆಯಲ್ಲಿ ಮಾವ ಅಳಿಯನ ಪಾದ ತೊಳೆದರೂ, ಆ ಗಳಿಗೆಗೆ ಅಳಿಯ ದೇವರ ಸ್ಥಾನದಲ್ಲಿರುತ್ತಾನೆ. ಹಳ್ಳಿಮನೆಯಲ್ಲಿ ನೆಂಟರು ಬಂದರೆ ಕಾಲಿಗೆ ನೀರು ಕೊಡುತ್ತಾರೆ, ಆದರೆ ತೊಳೆದುಕೊಳ್ಳುವುದು ನೆಂಟರೇ. ಯೇಸುವಿನ ಕಾಲದಲ್ಲಿ ಬಂದವರ ಧೂಳುಗಾಲು ತೊಳೆಯುವುದು ಮನೆಯಾಳಿನ ಕೆಲಸ. ತಾನು ಸೆರೆಯಾಗುವ ಹಿಂದಿನ ಗಳಿಗೆಯಲ್ಲಿ, ಊಟದ ಮಧ್ಯೆ ಗುರು ಎದ್ದು, ಮೇಲುಬಟ್ಟೆ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯಲು ಕೂತ. (ಕುರ್ಚಿಗೆ ಹಾಕುವ ಟವೆಲ್ ಬೇರೆ, ಇದು ಬೇರೆ.) ಪೇತ್ರ ಎಂಬ ಶಿಷ್ಯ ಕಾಲು ಹಿಂದಕ್ಕೆಳೆದುಕೊಂಡ. ನಮ್ಮಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು. ಮುಂದೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕಾಲೂ ಆ ಸಾಲಿನಲ್ಲಿತ್ತು.

ಇಂದಿಗೂ ಪವಿತ್ರ ಗುರುವಾರದಂದು, ಅಂದರೆ ಶುಭ ಶುಕ್ರವಾರದ ಹಿಂದಿನ ದಿನ, ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುವುದನ್ನು ನೋಡಬಹುದು.

ಇದರ ಹಿಂದಿನ ತತ್ವವನ್ನು ಆರಂಭಕಾಲದ ಕ್ರೈಸ್ತ ಪ್ರಚಾರಕ ಪೌಲನು ಫಿಲಿಪ್ಪಿ ಊರಿನವರಿಗೆ ಸೆರೆಮನೆಯಿಂದ ಬರೆದ ಪತ್ರದಲ್ಲಿ ಹೇಳುತ್ತಾನೆ. ಫಿಲಿಪ್ಪಿ ರೋಮನ್ ವಸಾಹತು, ನಿವೃತ್ತ ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ಊರು. ಪದವಿ, ಬಿರುದುಗಳ ಏಣಿ ಹತ್ತುವುದೇ ಅಲ್ಲಿನ ಮರ್ಯಾದೆ. ಅವರಿಗೆ ಪೌಲ ಏಣಿಯನ್ನು ತಲೆಕೆಳಗು ಮಾಡಿ ತೋರಿಸುತ್ತಾನೆ. ದೇವಸ್ವರೂಪನಾಗಿದ್ದ ಕ್ರಿಸ್ತ ಅದನ್ನು ಬಿಗಿಹಿಡಿಯದೆ ‘ತನ್ನನ್ನು ಬರಿದು ಮಾಡಿಕೊಂಡು’ ಆಳಿನ ರೂಪಕ್ಕೆ ಇಳಿದ, ಅಲ್ಲಿಂದ ಸಾವಿಗೆ, ಅದೂ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಲುಬೆಯ ಸಾವಿಗೆ ಇಳಿದ. ಈ ಬರಿದಾಗುವಿಕೆಗೆ ಗ್ರೀಕ್ ಹೆಸರು ‘ಕೆನೋಸಿಸ್’.

ಬರಿದಾಗುವುದು ಎಂದರೆ ಇದ್ದದ್ದನ್ನು ಕಳೆದುಕೊಳ್ಳುವುದೇ? ಪಂಡಿತರು ಶತಮಾನಗಳಿಂದ ವಾದಿಸುತ್ತಿದ್ದಾರೆ. ನಮ್ಮ ಲೆಕ್ಕಕ್ಕೆ ಒಂದು ಮನೆಯ ಉದಾಹರಣೆ ಸಾಕು. ಹಿರಿಯಾಕೆ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ಸೊಸೆಯ ಕೈಗೆ ಕೊಡುತ್ತಾಳೆ. ಅವಳ ಹಿರಿತನ ಎಲ್ಲೂ ಹೋಗಲಿಲ್ಲ. ಆದರೆ ನಾಳೆಯಿಂದ ಬೆಲ್ಲದ ಡಬ್ಬ ಯಾವ ಗೂಡಿನಲ್ಲಿರಬೇಕು ಎಂದು ಅವಳು ಹೇಳುವಂತಿಲ್ಲ. ಹೇಳಬಲ್ಲಳು, ಹೇಳುವುದಿಲ್ಲ.

ನೊಗ ಹಗುರ ಮಾಡಿ ಎಂದವರಿಗೆ ಸಿಕ್ಕ ಉತ್ತರ

ರಾಜಕೀಯ ಗೊಂದಲಕ್ಕೂ ಈ ಗುಣಕ್ಕೂ ಇರುವ ಸಂಬಂಧ ತಿಳಿಯಬೇಕಾದರೆ ಬೈಬಲಿನ ಹಳೆಯ ಒಡಂಬಡಿಕೆಗೆ, ಯೇಸುವಿಗಿಂತ ಒಂಬೈನೂರು ವರ್ಷಕ್ಕೂ ಹಿಂದೆ ಹೋಗಬೇಕು. ರಾಜ ಸೊಲೊಮೋನ ತೀರಿಕೊಂಡಿದ್ದಾನೆ. ಅವನು ದೇವಾಲಯ, ಅರಮನೆ, ಕೋಟೆ ಕಟ್ಟಿಸಿದ್ದ. ಕಟ್ಟಿದ್ದು ಜನರ ಬಿಟ್ಟಿ ದುಡಿಮೆಯಿಂದ. ಮಗ ರೆಹಬ್ಬಾಮನ ಪಟ್ಟಾಭಿಷೇಕಕ್ಕೆ ಜನ ಶೆಕೆಮ್ ಎಂಬಲ್ಲಿ ಸೇರಿದರು. ಅವರ ಬೇಡಿಕೆ ಒಂದೇ: ನಿಮ್ಮ ತಂದೆ ಹೊರಿಸಿದ ನೊಗ ಭಾರವಾಗಿದೆ, ಸ್ವಲ್ಪ ಹಗುರ ಮಾಡಿ, ನಿಮ್ಮ ಸೇವೆ ಮಾಡಿಕೊಂಡಿರುತ್ತೇವೆ.

ಮೂರು ದಿನ ಬಿಟ್ಟು ಬನ್ನಿ ಎಂದ ರಾಜ. ಆ ಮೂರು ದಿನದಲ್ಲಿ ಎರಡು ಗುಂಪಿನ ಸಲಹೆ ಕೇಳಿದ. ತಂದೆಯ ಕಾಲದ ಹಿರಿಯರು, ಇವತ್ತು ನೀನು ಈ ಜನರಿಗೆ ಸೇವಕನಾದರೆ ಇವರು ಎಂದೆಂದಿಗೂ ನಿನ್ನ ಸೇವಕರಾಗಿರುತ್ತಾರೆ ಎಂದರು. ಜೊತೆಗೇ ಬೆಳೆದ ಗೆಳೆಯರ ಗುಂಪು ಬೇರೆ ಮಾತು ಹೇಳಿತು: ನನ್ನ ಕಿರುಬೆರಳು ನಮ್ಮಪ್ಪನ ಸೊಂಟಕ್ಕಿಂತ ದಪ್ಪ ಎಂದು ಹೇಳು, ಅಪ್ಪ ಚಾಟಿಯಿಂದ ಹೊಡೆದ, ನಾನು ಚೇಳಿನಿಂದ ಹೊಡೆಯುತ್ತೇನೆ ಎನ್ನು.

ರಾಜ ಎರಡನೆಯದನ್ನು ಆರಿಸಿಕೊಂಡ. ಜನ ‘ನಡೆಯಿರಿ ಮನೆಗೆ’ ಎಂದು ಎದ್ದುಹೋದರು. ಸಮಾಧಾನಕ್ಕೆಂದು ರಾಜ ಕಳಿಸಿದ್ದು ಯಾರನ್ನು? ಬಿಟ್ಟಿ ದುಡಿಮೆಯ ಮೇಲ್ವಿಚಾರಕನನ್ನೇ! ಅವನನ್ನು ಜನ ಕಲ್ಲೆಸೆದು ಕೊಂದರು, ರಾಜ ರಥ ಹತ್ತಿ ಯೆರೂಸಲೇಮಿಗೆ ಓಡಿದ. ಹನ್ನೆರಡು ಕುಲಗಳ ರಾಜ್ಯದಲ್ಲಿ ಹತ್ತು ಕುಲಗಳು ಯಾರೊಬ್ಬಾಮ ಎಂಬ ಎದುರಾಳಿ ನಾಯಕನ ಹಿಂದೆ ಹೋದವು. ಆ ಒಡಕು ಮತ್ತೆ ಕೂಡಲಿಲ್ಲ.

ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿ ಒಂದಿದೆ. ಹಿರಿಯರು ರಾಜನಿಗೆ ಸಿಂಹಾಸನ ಬಿಡು ಎನ್ನಲಿಲ್ಲ, ತೆರಿಗೆ ಪೂರ್ತಿ ಮನ್ನಾ ಮಾಡು ಎಂದೂ ಅನ್ನಲಿಲ್ಲ. ಒಂದು ದಿನ, ಒಂದು ಉತ್ತರ, ಅಷ್ಟೇ ಕೇಳಿದ್ದು. ತಗ್ಗಿದರೆ ದುರ್ಬಲನಾಗಿ ಕಾಣುತ್ತೇನೆ ಎಂಬ ಭಯಕ್ಕೆ ರಾಜ್ಯದ ಬಹುಪಾಲು ಹೋಯಿತು. ಅವನ ಸುತ್ತ ಇದ್ದವರಲ್ಲಿ ಅವನ ವಾರಿಗೆಯವರು ಅವನದೇ ದನಿಯ ಪ್ರತಿಧ್ವನಿ. ಬೇರೆ ಮಾತು ಹೇಳಬಲ್ಲ ಕಿರಿಯರನ್ನು ಆ ಅರಮನೆ ಬೆಳೆಸಿರಲೇ ಇಲ್ಲ.

ಕರಣೆ ಕೊಡುವ ಮೇಸ್ತ್ರಿ

ಬೆಳೆಸುವುದು ಎಂದರೇನು? ಯಾವುದಾದರೂ ಬಡಾವಣೆಯಲ್ಲಿ ಮನೆ ಕಟ್ಟುವ ಕಡೆ ಹತ್ತು ನಿಮಿಷ ನಿಂತು ನೋಡಿ. ಕೆಲವು ಗಾರೆ ಮೇಸ್ತ್ರಿಗಳ ಕೈಯಾಳು ಹತ್ತು ವರ್ಷವಾದರೂ ಬಾಂಡ್ಲಿಯಲ್ಲಿ ಗಾರೆ ಹೊರುತ್ತಲೇ ಇರುತ್ತಾನೆ. ಇನ್ನು ಕೆಲವರು ಸಂಜೆ ಹೊತ್ತಿಗೆ ಕರಣೆಯನ್ನು ಹುಡುಗನ ಕೈಗಿಟ್ಟು, ಈ ಮೂಲೆ ನೀನು ಕಟ್ಟು ಎನ್ನುತ್ತಾರೆ. ಗೋಡೆ ಓರೆಯಾದರೆ ಕೆಡವಿಸಿ ಮತ್ತೆ ಕಟ್ಟಿಸುತ್ತಾರೆ. ಇಟ್ಟಿಗೆ ಹಾಳು, ಸಿಮೆಂಟ್ ಹಾಳು, ಮನೆಯವರಿಂದ ಬೈಗುಳ ಮೇಸ್ತ್ರಿಗೆ. ಎರಡು ವರ್ಷದಲ್ಲಿ ಹುಡುಗ ತಾನೇ ಮೇಸ್ತ್ರಿಯಾಗಿ ಎದುರು ಬೀದಿಯಲ್ಲಿ ಕೆಲಸ ಹಿಡಿಯುತ್ತಾನೆ. ಜನರ ಮೇಲೆ ಬಂಡವಾಳ ಹಾಕುವುದು ಎಂದರೆ ಇಷ್ಟೇ: ಸಮಯ ಹೋಗುತ್ತದೆ, ಹೆಸರು ಹೋಗುವ ಅಪಾಯ ಇರುತ್ತದೆ, ಲಾಭ ಬೇರೆಯವನ ಹೆಸರಿನಲ್ಲಿ ಬರುತ್ತದೆ. ಕುರ್ಚಿಯ ಚಿಂತೆ ಇರುವವನಿಗೆ ಇದು ಆಗದ ಮಾತು.

ಬೈಬಲಿನಲ್ಲಿ ಈ ಮೇಸ್ತ್ರಿ ಬಾರ್ನಬ. ಸೈಪ್ರಸ್ ದ್ವೀಪದವನು, ಹುಟ್ಟು ಹೆಸರು ಯೋಸೇಫ. ಧೈರ್ಯ ತುಂಬುವವನು ಎಂಬರ್ಥದಲ್ಲಿ ಶಿಷ್ಯರು ಇಟ್ಟ ಅಡ್ಡಹೆಸರೇ ಬಾರ್ನಬ. ಕ್ರೈಸ್ತರನ್ನು ಹಿಡಿದು ಜೈಲಿಗೆ ಹಾಕಿಸುತ್ತಿದ್ದ ಸೌಲ ಮನಸ್ಸು ಬದಲಿಸಿ ಬಂದಾಗ ಯೆರೂಸಲೇಮಿನಲ್ಲಿ ಯಾರೂ ಅವನನ್ನು ನಂಬಲಿಲ್ಲ. ಕೈಹಿಡಿದು ಒಳಗೆ ಕರೆದೊಯ್ದವನು ಬಾರ್ನಬ. ಮುಂದೆ ಅಂತಿಯೋಕ್ಯ ಎಂಬ ಪಟ್ಟಣದಲ್ಲಿ ಧರ್ಮಪ್ರಚಾರದ ಕೆಲಸ ಬೆಳೆದಾಗ ತಾನೊಬ್ಬನೇ ನಡೆಸಬಹುದಿತ್ತು. ತಾರ್ಸಕ್ಕೆ ಹೋಗಿ ಹುಡುಕಿ ಸೌಲನನ್ನು ಕರೆತಂದ. ಆ ಸೌಲನೇ ಪೌಲ.

ಈ ಕಥೆ ಹೇಳುವ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಹೆಸರುಗಳ ಕ್ರಮ ನೋಡಿ. ಮೊದಲು ‘ಬಾರ್ನಬ ಮತ್ತು ಸೌಲ’. ಹದಿಮೂರನೇ ಅಧ್ಯಾಯದ ನಡುವೆ ಅದು ‘ಪೌಲ ಮತ್ತು ಅವನ ಸಂಗಡಿಗರು’ ಆಗಿಬಿಡುತ್ತದೆ. ಕರೆತಂದವನು ಸಂಗಡಿಗನಾದ. ಅದಕ್ಕೆ ಬಾರ್ನಬ ಮುನಿಸಿಕೊಂಡ ದಾಖಲೆ ಇಲ್ಲ. ಅವನು ಜಗಳಕ್ಕೆ ನಿಂತದ್ದು ಒಮ್ಮೆ, ಅದೂ ಇನ್ನೊಬ್ಬ ಹುಡುಗನಿಗಾಗಿ. ಮಾರ್ಕ ಎಂಬ ಯುವಕ ಮೊದಲ ಪ್ರಯಾಣದಲ್ಲಿ ಅರ್ಧಕ್ಕೇ ಬಿಟ್ಟು ವಾಪಸ್ ಹೋಗಿದ್ದ. ಅವನನ್ನು ಮತ್ತೆ ಕರೆದೊಯ್ಯಲು ಪೌಲ ಖಡಾಖಂಡಿತ ಒಪ್ಪಲಿಲ್ಲ. ಬಾರ್ನಬ ಪೌಲನನ್ನೇ ಬಿಟ್ಟು ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟ. ವರ್ಷಗಳಾದ ಮೇಲೆ ತನ್ನ ಕಿರಿಯ ಸಂಗಡಿಗ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಪೌಲನ ಮಾತು ಬೇರೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ. ಕುರ್ಚಿ ಕೇಳಿದ ಅಣ್ಣತಮ್ಮಂದಿರ ಕಥೆ ಇರುವ ಸುವಾರ್ತೆಯನ್ನು ಪರಂಪರೆ ಕಟ್ಟಿರುವುದು ಇದೇ ಮಾರ್ಕನ ಹೆಸರಿಗೆ.

ದೊಡ್ಡ ಮರದ ನೆರಳಲ್ಲಿ ಬೇರೇನೂ ಬೆಳೆಯದು ಎಂದು ದೊಡ್ಡ ನಾಯಕರ ಬಗ್ಗೆ ನಾವು ಹೇಳುವುದುಂಟು. ಮೈಸೂರು ರಸ್ತೆಯಿಂದ ಒಳಗೆ, ಕೇತೋಹಳ್ಳಿಯ ದೊಡ್ಡ ಆಲದ ಮರ ಬೇರೆ ಕಥೆ ಹೇಳುತ್ತದೆ. ಸುಮಾರು ನಾನೂರು ವರ್ಷದ, ಮೂರು ಎಕರೆ ಹರಡಿದ ಆ ಮರದ ತಾಯಿಕಾಂಡ ಈಗಿಲ್ಲ, ರೋಗ ಬಂದು ಹೋಯಿತು. ಭಾನುವಾರ ಹೋಗಿ ಫೋಟೊ ತೆಗೆಸಿಕೊಳ್ಳುವವರು ನಿಲ್ಲುವುದು ಬಿಳಲುಗಳ ಪಕ್ಕ.

ಹೀಗೆ ಕಿರಿಯರನ್ನು ಬೆಳೆಸುವುದು ಕ್ರೈಸ್ತರ ಸ್ವಂತ ಸೊತ್ತೇನೂ ಅಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1972ರ ಚುನಾವಣೆಯಲ್ಲಿ ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಬಂದರು. ಒಬ್ಬರು ಮುಂದೆ ಮುಖ್ಯಮಂತ್ರಿಯಾದರು, ಇನ್ನೊಬ್ಬರು 2022ರಲ್ಲಿ ಪಕ್ಷದ ರಾಷ್ಟ್ರಾಧ್ಯಕ್ಷರಾದರು. ಅರಸು ತೀರಿಕೊಂಡದ್ದು 1982ರಲ್ಲಿ.

‘ನಮಗೆ ಗೆಳೆಯರನ್ನು ಕೊಡಿ’

ಹೇಳುವ ಚರ್ಚು ನಡೆದುಕೊಂಡಿತೇ? ಇದು ನ್ಯಾಯವಾದ ಪ್ರಶ್ನೆ. ಭಾರತದ ಒಂದು ಉದಾಹರಣೆಯಲ್ಲಿ ಹೌದು, ಇಲ್ಲ ಎರಡೂ ಇವೆ.

1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ತಿರುನೆಲ್ವೇಲಿ ಸೀಮೆಯಿಂದ ಹೋಗಿದ್ದ ವಿ.ಎಸ್. ಅಜರಯ್ಯ ಅಲ್ಲಿ ನಿಂತು ಹೇಳಿದ ಮಾತು ಸಭೆಯನ್ನು ಬೆಚ್ಚಿಬೀಳಿಸಿತು. ನೀವು ಬಡವರಿಗೆ ನಿಮ್ಮ ಸೊತ್ತು ಕೊಟ್ಟಿರಿ, ದೇಹವನ್ನೇ ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ. ಸೇವೆ ಮಾಡುವವನು ಮೇಲೇ ಕೂತಿದ್ದರೆ ಅದು ದಾನವಾಗುತ್ತದೆಯೇ ಹೊರತು ಸ್ನೇಹವಾಗುವುದಿಲ್ಲ ಎಂಬುದು ಅವರ ದೂರು.

ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಇಂಗ್ಲಿಷರ ವಿರೋಧದ ನಡುವೆಯೂ ಅಜರಯ್ಯನವರ ಬೆನ್ನಿಗೆ ನಿಂತರು. 1912ರಲ್ಲಿ ಅಜರಯ್ಯ ಇಂದಿನ ತೆಲಂಗಾಣದ ಡೋರ್ನಕಲ್‌ಗೆ ಬಿಷಪ್ ಆದರು, ಆಂಗ್ಲಿಕನ್ (ಇಂಗ್ಲೆಂಡ್ ಮೂಲದ) ಚರ್ಚಿನ ಮೊದಲ ಭಾರತೀಯ ಬಿಷಪ್. ಅವರು ಹಳ್ಳಿಯವರನ್ನೇ ತಯಾರು ಮಾಡಿ ಪಾದ್ರಿಗಳನ್ನಾಗಿಸಿದರು. ಆದರೆ 1945ರ ಜನವರಿ 1ರಂದು ಅವರು ತೀರಿಕೊಳ್ಳುವವರೆಗೂ ಸ್ವಂತ ಧರ್ಮಪ್ರಾಂತ್ಯ ಇದ್ದ ಭಾರತೀಯ ಆಂಗ್ಲಿಕನ್ ಬಿಷಪ್ ಅವರೊಬ್ಬರೇ. ಮೂವತ್ತೆರಡು ವರ್ಷದಲ್ಲಿ ಎರಡನೆಯವರಿಗೆ ಕರಣೆ ಸಿಗಲಿಲ್ಲ.

ಎಡಿನ್‌ಬರೋ ಸಮ್ಮೇಳನದ ವರ್ಷವೇ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಶುರುವಾಯಿತು. ಮಿಲ್ಲರ್ಸ್ ರಸ್ತೆಯಲ್ಲಿ ಇಂದಿಗೂ ಇದೆ. ಬೇರೆ ಬೇರೆ ಪಂಗಡದ ಮಿಷನ್ನುಗಳು ಒಂದೇ ಸೂರಿನಡಿ ಭಾರತೀಯ ಸಭಾಪಾಲಕರನ್ನು ತಯಾರು ಮಾಡಲು ಕಟ್ಟಿದ್ದು. 1947ರ ಸೆಪ್ಟೆಂಬರ್ 27ರಂದು, ದೇಶ ಎರಡಾಗಿ ಉತ್ತರ ಭಾರತ ಉರಿಯುತ್ತಿದ್ದ ದಿನಗಳಲ್ಲಿ, ಮದ್ರಾಸಿನಲ್ಲಿ ಹಲವು ಪಂಗಡಗಳು ತಮ್ಮ ಹಳೆಯ ಹೆಸರು ಬಿಟ್ಟು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆದವು. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು, ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚು ವೆಸ್ಲಿಯನ್ನರದು. ಈಗ ಎರಡರ ಫಲಕದ ಮೇಲೂ ಸಿಎಸ್‌ಐ.

ಹಾಗಾದರೆ ಸುಮ್ಮನಿರಬೇಕೇ?

ಇಲ್ಲ. ಈ ಗುಣವನ್ನು ಮೇಲಿನವರು ಕೆಳಗಿನವರಿಗೆ ಬೋಧಿಸಿದಾಗ ಅದು ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ಚರ್ಚಿನ ಇತಿಹಾಸದಲ್ಲಿ ಹಾಗೆ ಆಗಿರುವುದೂ ಉಂಟು. ಕಾಲು ತೊಳೆದ ಯೇಸುವೇ ದೇವಾಲಯದಲ್ಲಿ ಹಣ ಬದಲಿಸುವವರ ಮೇಜು ಉರುಳಿಸಿದ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ, ಮರುದಿನ ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದ ಅಧಿಕಾರಿಗಳಿಗೆ ಪೌಲ, ನಾನು ರೋಮನ್ ಪ್ರಜೆ, ಅವರೇ ಬಂದು ಹೊರಗೆ ಕರೆದೊಯ್ಯಲಿ ಎಂದ. ಬಂದರು ಕೂಡ.

ಬೆಂಗಳೂರಿನಲ್ಲಿ ಇದಕ್ಕೊಂದು ನೆನಪಿದೆ. ಇಲ್ಲಿ ಕ್ರೈಸ್ತ ಚಿಂತಕ ಪಿ.ಡಿ. ದೇವನಂದನ್ ಕಟ್ಟಿದ ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯನ್ನು, 1962ರಲ್ಲಿ ಅವರು ತೀರಿಕೊಂಡ ಮೇಲೆ, ಜೊತೆಯಲ್ಲೇ ದುಡಿದಿದ್ದ ಎಂ.ಎಂ. ಥಾಮಸ್ ಮುನ್ನಡೆಸಿದರು. 1975ರ ತುರ್ತು ಪರಿಸ್ಥಿತಿಯಲ್ಲಿ ಬಹಿರಂಗವಾಗಿ ಟೀಕಿಸಿ ಬರೆದ ಕ್ರೈಸ್ತ ಚಿಂತಕರಲ್ಲಿ ಥಾಮಸ್ ಪ್ರಮುಖರು. 1990ರಲ್ಲಿ ಅವರು ನಾಗಾಲ್ಯಾಂಡಿನ ರಾಜ್ಯಪಾಲರಾದರು.

ಮಂಡಿಯೂರಿದರೆ ಜಗಳ ನಿಲ್ಲುತ್ತದೆಯೇ?

2011ರಲ್ಲಿ ಸ್ವತಂತ್ರವಾದ ದಕ್ಷಿಣ ಸುಡಾನ್, 2013ರ ಡಿಸೆಂಬರಿನಲ್ಲಿ ಅಧ್ಯಕ್ಷ ಸಾಲ್ವಾ ಕೀರ್, ಅವರ ಮಾಜಿ ಉಪಾಧ್ಯಕ್ಷ ರಿಯೆಕ್ ಮಚಾರ್ ಅವರ ಕಾದಾಟದಿಂದ ಅಂತರ್ಯುದ್ಧಕ್ಕೆ ಬಿತ್ತು. 2018ರಲ್ಲಿ ಒಪ್ಪಂದವಾಯಿತಾದರೂ ನಂಬಿಕೆ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ಇಬ್ಬರನ್ನೂ ವ್ಯಾಟಿಕನ್‌ಗೆ ಕರೆಸಿದ ಪೋಪ್ ಫ್ರಾನ್ಸಿಸ್, ಎಲ್ಲರೆದುರು ಮಂಡಿಯೂರಿ ಅವರ ಬೂಟುಗಾಲಿಗೆ ಮುತ್ತಿಟ್ಟರು. ಆಗ ಪೋಪ್ ಅವರಿಗೆ 82 ವರ್ಷ, ಬಗ್ಗುವುದೇ ಕಷ್ಟ. ಪಕ್ಕದವರು ಹಿಡಿದು ಏಳಿಸಬೇಕಾಯಿತು.

2020ರ ಫೆಬ್ರುವರಿಯಲ್ಲಿ ಇಬ್ಬರೂ ಸೇರಿ ಸರ್ಕಾರ ಮಾಡಿದರು. 2025ರ ಮಾರ್ಚ್‌ನಲ್ಲಿ ಮಚಾರ್ ಗೃಹಬಂಧನಕ್ಕೆ ಹೋದರು. ಮಂಡಿಯೂರಿದವರ ಕೈಯಲ್ಲಿ ಎದುರಿಗಿದ್ದವರ ಮನಸ್ಸು ಇರಲಿಲ್ಲ.

ಫ್ರಾನ್ಸಿಸ್ 2013ರಲ್ಲಿ ಪೋಪ್ ಆದ ತಿಂಗಳೇ, ಪವಿತ್ರ ಗುರುವಾರದ ಕಾಲು ತೊಳೆಯುವ ವಿಧಿಯನ್ನು ರೋಮಿನ ಬಾಲಾಪರಾಧಿಗಳ ಜೈಲಿಗೆ ಒಯ್ದಿದ್ದರು. ಆ ಹನ್ನೆರಡು ಮಂದಿಯಲ್ಲಿ ಹೆಣ್ಣುಮಕ್ಕಳೂ ಮುಸ್ಲಿಮರೂ ಇದ್ದರು. 2025ರ ಏಪ್ರಿಲ್ 17, ಮತ್ತೆ ಪವಿತ್ರ ಗುರುವಾರ. ತಿಂಗಳಿಗೂ ಹೆಚ್ಚು ಆಸ್ಪತ್ರೆಯಲ್ಲಿದ್ದು ಬಂದಿದ್ದ ಅವರು ಗಾಲಿಕುರ್ಚಿಯಲ್ಲಿ ರೋಮಿನ ರೆಜಿನಾ ಚೇಲಿ ಜೈಲಿಗೆ ಹೋದರು. ಬಗ್ಗಿ ಕಾಲು ತೊಳೆಯುವ ಶಕ್ತಿ ಉಳಿದಿರಲಿಲ್ಲ. ಸುಮಾರು 70 ಕೈದಿಗಳ ಜೊತೆ ಅರ್ಧ ಗಂಟೆ ಕೂತು ವಾಪಸಾದರು. ನಾಲ್ಕು ದಿನದ ನಂತರ, ಸೋಮವಾರ ಬೆಳಿಗ್ಗೆ, ತೀರಿಕೊಂಡರು.